ಪನ್ಹಾಳದ ಅಂಬಾರಖಾನೆಯೂ ನಮ್ಮ ಹಗೇವೂ

ಆದವಾನಿಯ ಜಾಮಿಯಾ ಮಸೀದಿಯನ್ನು ಕಟ್ಟಿಸಿದವನು ಸಿದ್ದಿ ಮಸೂದ್ ಖಾನನೆಂಬುದು ನಮ್ಮಲ್ಲಿ ಬಹುಮಂದಿಗೆ ಗೊತ್ತು. ಅವನ ಮಾವನಾದ ಸಿದ್ದಿ ಜೌಹರನು ಕರ್ನೂಲಿನ ಅಧಿಪತಿಯಾಗಿದ್ದನು. 1660ರಲ್ಲಿ ಬಿಜಾಪುರದ ಸುಲ್ತಾನನ ಪರವಾಗಿ ಪನ್ಹಾಳದ ಕೋಟೆಗೆ ಮುತ್ತಿಗೆ ಹಾಕಿದವರು ಈ ಮಾವ-ಅಳಿಯಂದಿರೇ ಎಂಬ ಸಂಗತಿ ಮಾತ್ರ ಅಷ್ಟಾಗಿ ಪ್ರಚಾರದಲ್ಲಿಲ್ಲ. ಪನ್ಹಾಳವು ಕೊಲ್ಲಾಪುರಕ್ಕೆ ಸಮೀಪದ ಗಿರಿದುರ್ಗ. ಅದನ್ನಾಳಿದ ಶಿಲಾಹಾರರ ಅನೇಕ ಶಾಸನಗಳು ಕನ್ನಡದಲ್ಲಿರುವುದರಿಂದ ಅದು ನಮಗೆ ತೀರ ಪರನಾಡೂ ಅಲ್ಲ.

ಆಗ ಕೋಟೆಯೊಳಗಿದ್ದವನು ಶಿವಾಜಿ. ಜೌಹರನು ಮಾರ್ಚಿ ತಿಂಗಳಿನಿಂದ ದಾರಿಗಳನ್ನೆಲ್ಲ ಕಟ್ಟಿ, ರಾಜಾಪುರದ ಇಂಗ್ಲಿಷರಿಂದ ಫಿರಂಗಿಯ ನೆರವನ್ನೂ ಪಡೆದನು. ಜುಲೈ ತಿಂಗಳ ಮಳೆಯ ರಾತ್ರಿಯೊಂದರಲ್ಲಿ ಶಿವಾಜಿಯು ವಿಶಾಲಗಡದತ್ತ ಪಾರಾದನು. ಬೆನ್ನಟ್ಟಿದವನು ನಮ್ಮ ಮಸೂದನೇ. ಆದರೂ ಕೋಟೆ ಬಿಜಾಪುರದ ಕೈಸೇರಿದ್ದು ಸೆಪ್ಟೆಂಬರಿನಲ್ಲಿ. ಒಳಗೆ ದವಸವಿಲ್ಲದಿದ್ದರೆ ಇಷ್ಟು ತಿಂಗಳು ತಡೆಯುವುದು ಯಾವ ಶೂರನಿಂದಲೂ ಆಗದ ಮಾತು. ಚರಿತ್ರೆ ಬರೆಯುವವರು ಕತ್ತಿಯನ್ನು ಎಣಿಸುವಷ್ಟು ಕಾಳನ್ನು ಎಣಿಸುವುದಿಲ್ಲ.

ಕೋಟೆಯ ಉಗ್ರಾಣಕ್ಕೆ ಅಂಬಾರಖಾನೆ ಎಂದು ಹೆಸರು. ಗಂಗಾ, ಯಮುನಾ, ಸರಸ್ವತೀ ಎಂಬ ಮೂರು ಕಟ್ಟಡಗಳು, ಎಲ್ಲವೂ ಬಿಜಾಪುರದ ಶೈಲಿಯವು. ಅವುಗಳಲ್ಲಿ ಹಿರಿದಾದ ಗಂಗಾ ಕೋಠಿಯ ವಿಸ್ತಾರ ಸುಮಾರು 10,200 ಚದರಡಿ, ಎತ್ತರ 35 ಅಡಿ. ಒಳಗೆ 16 ಅಂಕಣಗಳು. ಪ್ರತಿ ಅಂಕಣಕ್ಕೂ ತಗ್ಗಾದ ಕಮಾನು ಛಾವಣಿ, ಛಾವಣಿಯ ನಡುವೆ ಒಂದು ರಂಧ್ರ. ಆಳುಗಳು ಮೂಟೆ ಹೊತ್ತು ಹೊರಗಿನ ಮೆಟ್ಟಿಲುಗಳನ್ನೇರಿ ಆ ರಂಧ್ರಗಳಿಂದ ಕಾಳನ್ನು ಸುರಿಯುತ್ತಿದ್ದರು. ಇದರಲ್ಲಿ 25,000 ಖಂಡಿ ಹಿಡಿಯುತ್ತಿತ್ತೆಂದು ಹೇಳುತ್ತಾರೆ. ಖಂಡಿಗೆ 650 ಪೌಂಡಿನಂತೆ ಅದು ಏಳು ಸಾವಿರ ಟನ್ನಿಗೂ ಮಿಗಿಲಾಗುತ್ತದೆ. ಪೂರ್ವದ ಬಾಗಿಲಲ್ಲಿ ಗುಮ್ಮಟದ ಕೋಣೆ, ಗಾರೆಯ ಕುಸುರಿ. ಧಾನ್ಯದ ಮನೆಗೂ ಇಷ್ಟು ಅಲಂಕಾರವೇ ಎಂದು ನೋಡಿದವರು ಬೆರಗಾಗುವುದು ಸಹಜ.

ಈ ಕಲ್ಲಿನ ಆಡಂಬರ ನಮ್ಮ ಸೀಮೆಗೆ ಬೇಕಾಗಲಿಲ್ಲ. ಪನ್ಹಾಳದಲ್ಲಿ ಮಳೆ ವಿಪರೀತ; ನೆಲದಲ್ಲಿ ಹೂತ ಕಾಳು ಅಲ್ಲಿ ಒಂದು ಮಳೆಗಾಲವನ್ನೂ ದಾಟದು. ನಮ್ಮದು ಒಣ ಸೀಮೆ. ಆದುದರಿಂದ ನಮ್ಮ ಹಿರಿಯರು ಉಗ್ರಾಣವನ್ನು ನೆಲದೊಳಕ್ಕೇ ಇಳಿಸಿದರು. ಹಗೇವನ್ನು ತೋಡಿ, ಸುತ್ತಲೂ ಹುಲ್ಲನ್ನಿಟ್ಟು, ಜೋಳ ತುಂಬಿ, ಬಾಯಿಯನ್ನು ಮಣ್ಣಿನಿಂದ ಮುಚ್ಚಿಬಿಟ್ಟರೆ ಕಾಳು ವರ್ಷಗಟ್ಟಲೆ ನಿಲ್ಲುತ್ತಿತ್ತು. ಒಳಗಿನ ಗಾಳಿಯನ್ನು ಕಾಳೇ ಉಸಿರಾಡಿ ಕೆಡಿಸುವುದರಿಂದ ಹುಳುವೂ ಬದುಕದು. ನೀರು ಹೊಕ್ಕರೆ ಮಾತ್ರ ಜೋಳಕ್ಕೆ ಮುಗ್ಗಲು ವಾಸನೆ. ಆಗ ಆದವಾನಿ ಸೇರಿದ್ದ ಬಳ್ಳಾರಿ ಜಿಲ್ಲೆಯು 1876-78ರ ಬರಗಾಲದಲ್ಲಿ ಭೀಕರವಾಗಿ ನರಳಿತು. ಹಗೇವು ತುಂಬಿದ್ದವನಿಗೂ ಬರಿದಾಗಿದ್ದವನಿಗೂ ಇದ್ದ ಅಂತರ ಅಂಥ ದಿನಗಳಲ್ಲಿ ಬದುಕು-ಸಾವಿನ ಅಂತರ.

ಹಗೇವಿನ ಬಾಯಿ ತೆರೆದೊಡನೆ ಯಾರೂ ಒಳಗಿಳಿಯುತ್ತಿರಲಿಲ್ಲ. ಬಹಳ ಹೊತ್ತು ಗಾಳಿಯಾಡಲು ಬಿಟ್ಟು, ಮೊದಲು ದೀಪವನ್ನು ಇಳಿಸಿ, ಅದು ಆರದಿದ್ದರೆ ಮಾತ್ರ ಮನುಷ್ಯನನ್ನು ಇಳಿಸುತ್ತಿದ್ದರು.