ಹೆಂಗಸರದೇ ಒಂದು ಅಂಗಳ



ಮುಂಡಗೋಡದ ಟಿಬೆಟನ್ ಕಾಲೊನಿಯನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ದಾಂಡೇಲಿ, ಹಳಿಯಾಳ, ಜೋಯಿಡಾ ಕಡೆಯ ಶಾಲೆಗಳ ಮಕ್ಕಳು ಪ್ರವಾಸಕ್ಕೆಂದು ಅಲ್ಲಿಗೆ ಬಂದು, ಬುದ್ಧನ ದೊಡ್ಡ ಮೂರ್ತಿಗಳನ್ನೂ ಕೆಂಪು ವಸ್ತ್ರ ತೊಟ್ಟ ಭಿಕ್ಷುಗಳನ್ನೂ ಕಂಡು ಹಿಂದಿರುಗುವುದು ವಾಡಿಕೆ. 1966ರಲ್ಲಿ ನೆಲೆಗೊಂಡ ಈ ವಸತಿಯಲ್ಲಿ ಡ್ರೆಪುಂಗ್ ಮತ್ತು ಗಾಂದೆನ್ ಎಂಬ ಎರಡು ಹಿರಿಯ ಮಠಗಳಿವೆ. 2016ರ ಡಿಸೆಂಬರ್ 22ರಂದು ಡ್ರೆಪುಂಗ್ ಮಠದಲ್ಲಿ ಒಂದು ಸಮಾರಂಭ ನಡೆಯಿತು. ದಲೈ ಲಾಮಾ ಅವರು 20 ಮಂದಿ ಸನ್ಯಾಸಿನಿಯರಿಗೆ 'ಗೆಶೆಮಾ' ಎಂಬ ಪದವಿಯನ್ನು ಪ್ರದಾನ ಮಾಡಿದರು.

'ಗೆಶೆ' ಎಂಬುದು ಟಿಬೆಟನ್ ಬೌದ್ಧ ವಿದ್ಯೆಯ ಅತ್ಯುನ್ನತ ಪದವಿ. ನಮ್ಮ ವಿಶ್ವವಿದ್ಯಾಲಯಗಳ ಡಾಕ್ಟರೇಟಿಗೆ ಅದನ್ನು ಹೋಲಿಸುವುದುಂಟು. ಹದಿನೈದಿಪ್ಪತ್ತು ವರ್ಷ ಓದಬೇಕು. ಶತಮಾನಗಳ ಕಾಲ ಅದು ಪುರುಷರಿಗೆ ಮಾತ್ರ ಮೀಸಲಾಗಿತ್ತು. 2016ಕ್ಕೆ ಮೊದಲು ಆ ಪದವಿ ಪಡೆದ ಮಹಿಳೆ ಒಬ್ಬರೇ: 2011ರಲ್ಲಿ, ಜರ್ಮನಿಯಲ್ಲಿ ಹುಟ್ಟಿದ ಕೆಲ್ಸಂಗ್ ವಾಂಗ್ಮೊ. ಹಾಗಿರುವಾಗ ಒಂದೇ ದಿನ ಇಪ್ಪತ್ತು ಮಂದಿ ಹೇಗೆ ಸಿದ್ಧರಾದರು? ಇತಿಹಾಸದ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆ ಇದು.

ಈ ವಿದ್ಯೆ ಪುಸ್ತಕದಿಂದ ಮಾತ್ರ ಬರುವಂಥದಲ್ಲ. ಓದಿದ್ದನ್ನು ಅಂಗಳದಲ್ಲಿ ವಾದಿಸಿ ಗಟ್ಟಿ ಮಾಡಿಕೊಳ್ಳಬೇಕು. ಉತ್ತರಿಸುವವರು ನೆಲದ ಮೇಲೆ ಕುಳಿತಿರುತ್ತಾರೆ. ಪ್ರಶ್ನಿಸುವವರು ಎದುರು ನಿಂತು, ಕಾಲು ಅಪ್ಪಳಿಸಿ, ಚಪ್ಪಾಳೆ ತಟ್ಟಿ ಪ್ರಶ್ನೆ ಎಸೆಯುತ್ತಾರೆ. ಉತ್ತರ ತಡವರಿಸಿದರೆ ಸುತ್ತಲಿದ್ದವರು ನಗುತ್ತಾರೆ. ನೋಡಿದವರಿಗೆ ಜಗಳವೆಂದೇ ಭ್ರಮೆಯಾದೀತು. ಈಗ ಒಬ್ಬ ಸನ್ಯಾಸಿನಿಯ ಸ್ಥಿತಿಯನ್ನು ಊಹಿಸಿಕೊಳ್ಳಿ. ಗ್ರಂಥ ಕೈಗೆ ಸಿಕ್ಕಿದರೂ ಅವಳಿಗೆ ವಾದಿಸಲು ಜೊತೆಗಾರರಿಲ್ಲ. ಪುರುಷರ ಮಠದ ಅಂಗಳ ಅವಳದಲ್ಲ. ಅಲ್ಲಿ ಅವಳನ್ನು ಒಂದು ದಿನ ಕರೆದು ನಿಲ್ಲಿಸಿದ್ದರೂ, ಅಭ್ಯಾಸವಿಲ್ಲದವಳು ಮೊದಲ ನಗೆಗೇ ಕುಗ್ಗಿಹೋಗುತ್ತಿದ್ದಳೇನೋ.

ಮುಂಡಗೋಡದಲ್ಲಿ 1987ರಲ್ಲಿ ಜಂಗ್‌ಚುಬ್ ಚೋಲಿಂಗ್ ಎಂಬ ಸನ್ಯಾಸಿನಿಯರ ಮಠ ಆರಂಭವಾಯಿತು. ನೆರೆಯ ಮಠಗಳ ಗುರುಗಳು ಬಂದು ಪಾಠ ಹೇಳಿದರು. ಅಂದರೆ ಕಲಿಸಿದವರು ಪುರುಷರು. ಕಲಿಯುವ ಅಂಗಳ ಮಾತ್ರ ಹೆಂಗಸರದು. 1995ರಿಂದ ಬೇರೆ ಬೇರೆ ಮಠಗಳ ಸನ್ಯಾಸಿನಿಯರು ವರ್ಷಕ್ಕೊಮ್ಮೆ ಒಂದೆಡೆ ಸೇರಿ, ಸುಮಾರು ಒಂದು ತಿಂಗಳು ತಮ್ಮತಮ್ಮಲ್ಲೇ ತರ್ಕ ನಡೆಸುವ ಪದ್ಧತಿ ಬಂತು. 2012ರಲ್ಲಿ ಅವರಿಗೂ ಪದವಿ ನೀಡಬೇಕೆಂಬ ನಿರ್ಧಾರವಾಯಿತು. 2016ರ ಮೇ ತಿಂಗಳಿನಲ್ಲಿ ಕೊನೆಯ ಪರೀಕ್ಷೆ ನಡೆದದ್ದು ಮುಂಡಗೋಡದ ಇದೇ ಸನ್ಯಾಸಿನಿ ಮಠದಲ್ಲಿ. ಪದವಿ ಸಿಕ್ಕದ್ದು ಡ್ರೆಪುಂಗ್‌ನ ದೊಡ್ಡ ಸಭೆಯಲ್ಲಿ, ಎಲ್ಲರ ಎದುರಿಗೆ. ಈ ಎರಡು ಸ್ಥಳಗಳ ನಡುವಿನ ಅಂತರ ನಡೆದು ಹೋಗುವಷ್ಟೇ ಇರಬಹುದು. ಅದನ್ನು ದಾಟಲು ಇಪ್ಪತ್ತೊಂಬತ್ತು ವರ್ಷ ಹಿಡಿಯಿತು.

1987 ಎಂಬ ವರ್ಷವನ್ನು ನೆನಪಿನಲ್ಲಿಟ್ಟುಕೊಳ್ಳಿ. ಅದೇ ವರ್ಷ, ಮುಂಡಗೋಡಕ್ಕೆ ಯಾವ ಸಂಬಂಧವೂ ಇಲ್ಲದ ಅಮೆರಿಕದ ಆಸ್ಟಿನ್ ನಗರದಲ್ಲಿ, ಕಂಪ್ಯೂಟರ್ ವಿಜ್ಞಾನಿಗಳ ಒಂದು ಸಮ್ಮೇಳನ ನಡೆಯಿತು. ವಿಷಯ, ಕಂಪ್ಯೂಟರನ್ನು ಒಳಗಿನಿಂದ ನಡೆಸುವ ಆಪರೇಟಿಂಗ್ ಸಿಸ್ಟಮ್‌ಗಳು. ಅನಿತಾ ಬೋರ್ಗ್ ಎಂಬ ವಿಜ್ಞಾನಿ ಅಲ್ಲಿಗೆ ಹೋಗಿದ್ದರು. ಸಭಾಂಗಣದ ತುಂಬ ಗಂಡಸರು. ಬಿಡುವಿನಲ್ಲಿ ಹೆಂಗಸರ ಶೌಚಾಲಯದಲ್ಲಿ ಆರೇಳು ಮಂದಿ ಮಹಿಳೆಯರು ಆಕಸ್ಮಿಕವಾಗಿ ಒಟ್ಟಿಗೆ ಸೇರಿದರು. ಮಾತಿಗೆ ಮಾತು ಬೆಳೆಯಿತು. ಸಮ್ಮೇಳನಕ್ಕೆ ಬಂದಿದ್ದ ಇತರ ಮಹಿಳೆಯರನ್ನೂ ಕರೆದು ಜೊತೆಯಾಗಿ ಊಟ ಮಾಡಿದರು. ಊರಿಗೆ ಹೋದ ಮೇಲೂ ಈ ಮಾತು ನಿಲ್ಲಬಾರದೆಂದು ಬೋರ್ಗ್ ಎಲ್ಲರ ಇ-ಮೇಲ್ ವಿಳಾಸ ಬರೆದುಕೊಂಡರು. 'ಸಿಸ್ಟಮ್ಸ್' ಮತ್ತು 'ಸಿಸ್ಟರ್ಸ್' ಎರಡನ್ನೂ ಬೆಸೆದು, ಕಾಗುಣಿತವನ್ನು ತುಸು ತಿರುಚಿ, ಆ ಬಳಗಕ್ಕೆ ಹೆಸರಿಟ್ಟರು. ನಮ್ಮ ಧಾರವಾಡ, ಹುಬ್ಬಳ್ಳಿ ಕಡೆಯ 'ಅಕ್ಕನ ಬಳಗ'ಗಳ ಹೆಸರು ನಿಮಗೆ ಇಲ್ಲಿ ನೆನಪಾದರೆ ತಪ್ಪೇನಿಲ್ಲ.

ಸಾರ್ವಜನಿಕರಿಗೆ ಇಂಟರ್‌ನೆಟ್ ಎಂಬ ಹೆಸರೇ ತಿಳಿಯದಿದ್ದ ಕಾಲ ಅದು. ಬಳಗದ ನಿಯಮ ಎರಡು: ಸದಸ್ಯರು ಮಹಿಳೆಯರೇ ಆಗಿರಬೇಕು, ಒಳಗೆ ಆಡಿದ ಮಾತನ್ನು ಬರೆದವರ ಒಪ್ಪಿಗೆಯಿಲ್ಲದೆ ಹೊರಗೆ ಒಯ್ಯಬಾರದು.

ಅವರಿಗೆ ಬೇರೆ ಬಳಗ ಏಕೆ ಬೇಕಾಯಿತು ಎಂಬುದಕ್ಕೆ ಒಂದು ಅಂಕಿ ಸಾಕು. ಅಮೆರಿಕದಲ್ಲಿ 1984ರ ಸುಮಾರಿಗೆ ಗಣಕ ವಿಜ್ಞಾನದ ಪದವಿ ಪಡೆದವರಲ್ಲಿ ಶೇಕಡ 37ರಷ್ಟು ಮಹಿಳೆಯರಿದ್ದರು. ಅಲ್ಲಿಂದ ಆ ಪ್ರಮಾಣ ಇಳಿಯುತ್ತ ಹೋಗಿ 2010ರ ಹೊತ್ತಿಗೆ ಶೇಕಡ 18ರ ಆಸುಪಾಸಿಗೆ ಬಂತು. ವೈದ್ಯವೃತ್ತಿಯಲ್ಲೂ ನ್ಯಾಯವಾದದಲ್ಲೂ ಮಹಿಳೆಯರ ಸಂಖ್ಯೆ ಏರುತ್ತಿದ್ದ ವರ್ಷಗಳಲ್ಲೇ ಈ ಇಳಿತ. ವಿಚಿತ್ರವೆಂದರೆ 1946ರಲ್ಲಿ ಪ್ರದರ್ಶಿತವಾದ ಎನಿಯಾಕ್ ಕಂಪ್ಯೂಟರಿಗೆ ಕ್ರಮವಿಧಿ ರೂಪಿಸಿದವರು ಆರು ಜನ ಮಹಿಳೆಯರೇ. ಮನೆ ಕಟ್ಟಿದವರ ಮೊಮ್ಮಕ್ಕಳು ಅದೇ ಮನೆಗೆ ಅತಿಥಿಗಳಾದ ಹಾಗಾಯಿತು!

ಇನ್ನು ಆಕ್ಷೇಪಗಳ ಮಾತು. ಅವು ಹಗುರವಾದ ಆಕ್ಷೇಪಗಳಲ್ಲ. ಬರೆದವರೆಲ್ಲ ಮಹಿಳೆಯರ ವಿರೋಧಿಗಳೂ ಅಲ್ಲ. ಗಂಡಸರಿಗೆ ಮಾತ್ರ ಎಂದು ಫಲಕ ಹಾಕಿದರೆ ತಪ್ಪು, ಹೆಂಗಸರಿಗೆ ಮಾತ್ರ ಎಂದರೆ ಸರಿ ಹೇಗೆ ಎಂದು ಕೇಳಿದವರಿದ್ದರು. ಕೆಲಸ ಕೊಡುವವರು, ಬಡ್ತಿ ನಿರ್ಧರಿಸುವವರು ಹೆಚ್ಚಾಗಿ ಗಂಡಸರೇ. ಅವರ ಕಿವಿಗೆ ಬೀಳದಂತೆ ಮಾತನಾಡಿ ಪ್ರಯೋಜನವೇನು ಎಂದವರೂ ಇದ್ದರು. ಈ ಎರಡನೆಯ ಪ್ರಶ್ನೆಯೇ ನನಗೆ ಹೆಚ್ಚು ತೂಕದ್ದೆನಿಸುತ್ತದೆ.

ಬೋರ್ಗ್ 1993ರಲ್ಲಿ ಒಂದು ಲೇಖನ ಬರೆದು ಉತ್ತರಿಸಿದರು. ಅವರ ವಾದದ ತಿರುಳು ಸರಳವಾದದ್ದು. ನೂರು ಜನರ ನಡುವೆ ಐದಾರು ಮಂದಿ ಇರುವವರು ಬಾಗಿಲು ಹಾಕಿಕೊಂಡು ಮಾತನಾಡುವುದಕ್ಕೂ, ತೊಂಬತ್ತೈದು ಮಂದಿ ಬಾಗಿಲು ಹಾಕಿಕೊಂಡು ಉಳಿದವರನ್ನು ಹೊರಗಿಡುವುದಕ್ಕೂ ವ್ಯತ್ಯಾಸವಿದೆ. ಆ ಐದಾರು ಮಂದಿ ದಿನವಿಡೀ ಗಂಡಸರ ಜೊತೆಗೇ ಕೆಲಸ ಮಾಡುವವರು. ಅವರು ಲೋಕ ಬಿಟ್ಟು ಹೋದವರಲ್ಲ. ಈ ಉತ್ತರವನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಒಳಗೆ ಕಲಿತದ್ದು ಹೊರಗೆ ಬರಬೇಕು. ಬಂತೇ ಎಂಬುದಕ್ಕೆ 1992ರ ಒಂದು ಪ್ರಸಂಗ ನೋಡಿ. ಅಮೆರಿಕದ ಮಾರುಕಟ್ಟೆಗೆ ಮಾತನಾಡುವ ಬಾರ್ಬಿ ಗೊಂಬೆ ಬಂದಿತ್ತು. ಗಣಿತದ ಪಾಠ ಕಷ್ಟ ಎಂದು ಆ ಗೊಂಬೆ ಹೆಣ್ಣುಮಕ್ಕಳಿಗೆ ಹೇಳುತ್ತಿತ್ತು. ಬಳಗದ ಸದಸ್ಯೆಯರು ಪ್ರತಿಭಟಿಸಿದರು; ಇತರರೂ ಸೇರಿದರು; ಕೊನೆಗೆ ಕಂಪನಿ ಆ ಮಾತನ್ನು ಗೊಂಬೆಯ ಬಾಯಿಂದ ತೆಗೆಯಿತು.

1994ರಲ್ಲಿ ಬೋರ್ಗ್ ಮತ್ತು ಟೆಲ್ ವಿಟ್ನಿ ಸೇರಿ, ಕಂಪ್ಯೂಟರ್ ಕ್ಷೇತ್ರದ ಹಿರಿಯಳಾದ ಗ್ರೇಸ್ ಹಾಪರ್ ಹೆಸರಿನಲ್ಲಿ ಮಹಿಳಾ ಸಮ್ಮೇಳನವನ್ನು ಆರಂಭಿಸಿದರು. 2003ರಲ್ಲಿ ಬೋರ್ಗ್ ತೀರಿಕೊಂಡ ಮೇಲೂ ಅದು ಬೆಳೆಯಿತು. 2010ರಲ್ಲಿ ಅದರ ಭಾರತೀಯ ಸಮ್ಮೇಳನ ಬೆಂಗಳೂರಿನಲ್ಲಿ ಶುರುವಾಯಿತು. ವಿವಾದವೂ ಹಿಂದೆಯೇ ಬೆಳೆಯಿತೆನ್ನಿ. 2023ರಲ್ಲಿ ಆರ್ಲ್ಯಾಂಡೊ ನಗರದ ಸಮ್ಮೇಳನಕ್ಕೆ ಕೆಲಸ ಹುಡುಕುತ್ತಿದ್ದ ಪುರುಷರು ದೊಡ್ಡ ಸಂಖ್ಯೆಯಲ್ಲಿ ಬಂದರು. ಕಂಪನಿಗಳು ನೌಕರಿಯಿಂದ ಜನರನ್ನು ತೆಗೆದುಹಾಕುತ್ತಿದ್ದ ಕಾಲವದು. ಸಂದರ್ಶನದ ಸಾಲುಗಳಲ್ಲಿ ತಾವೇ ಹಿಂದೆ ತಳ್ಳಲ್ಪಟ್ಟೆವೆಂದು ಮಹಿಳೆಯರು ದೂರಿದರು. ಕಾನೂನಿನ ಪ್ರಕಾರ ಪುರುಷರನ್ನು ತಡೆಯಲು ಬರುವುದಿಲ್ಲವೆಂದು ಸಂಘಟಕರು ಹೇಳಬೇಕಾಯಿತು. ನೌಕರಿಯಿಲ್ಲದ ಆ ಯುವಕರ ಕಷ್ಟವೂ ಸುಳ್ಳಲ್ಲ. ಅದಕ್ಕೇ ಈ ವಾದ ಇನ್ನೂ ಮುಗಿದಿಲ್ಲ.

ಇದೆಲ್ಲ ಅಮೆರಿಕದ ಗದ್ದಲ, ನಮಗೇನು ಎಂದು ನೀವು ಕೇಳಬಹುದು. ಕನ್ನಡಕ್ಕೆ ಈ ವಾದ ಹೊಸತಲ್ಲ. ನಂಜನಗೂಡು ತಿರುಮಲಾಂಬಾ ಅವರು 1913ರಲ್ಲಿ 'ಸತೀಹಿತೈಷಿಣೀ' ಗ್ರಂಥಮಾಲೆಯನ್ನು ಹೆಂಗಸರಿಗಾಗಿಯೇ ಆರಂಭಿಸಿದರು. 1979ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಲೇಖಕಿಯರ ಸಂಘ ಸ್ಥಾಪನೆಯಾದಾಗ ಹಾಸ್ಯ ಲೇಖಕಿ ಟಿ. ಸುನಂದಮ್ಮ ಅದರ ಮೊದಲ ಅಧ್ಯಕ್ಷೆಯಾದರು. ಸಾಹಿತ್ಯದಲ್ಲಿ ಗಂಡು ಹೆಣ್ಣು ಎಂಬ ಭೇದವೇಕೆ, ಬರಹ ಬರಹವೇ ಅಲ್ಲವೇ ಎಂಬ ಪ್ರಶ್ನೆ ಕನ್ನಡದಲ್ಲಿ ಮತ್ತೆ ಮತ್ತೆ ಕೇಳಿಬಂದಿದೆ. ಕೇಳಲು ಚೆಂದದ ಪ್ರಶ್ನೆ. ಆದರೆ 1915ರಲ್ಲಿ ಆರಂಭವಾದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷರು ದೊರೆತದ್ದು 1974ರಲ್ಲಿ, ಮಂಡ್ಯದಲ್ಲಿ, ಜಯದೇವಿತಾಯಿ ಲಿಗಾಡೆ. ಎರಡನೆಯವರಾದ ಶಾಂತಾದೇವಿ ಮಾಳವಾಡ ಅವರಿಗೆ ಆ ಗೌರವ ಸಂದದ್ದು 2000ದಲ್ಲಿ. ಭೇದವಿಲ್ಲದ ಸಭೆಯ ಲೆಕ್ಕ ಹೀಗಿತ್ತು.

ಬೇರೆ ಅಂಗಳವೊಂದೇ ದಾರಿಯಲ್ಲ. ಎಲ್ಲರ ಅಂಗಳದಲ್ಲೇ ಕುರ್ಚಿ ಕಾದಿರಿಸುವುದು ಇನ್ನೊಂದು ದಾರಿ. ಕರ್ನಾಟಕದಲ್ಲಿ ಅದರ ಪ್ರಯೋಗ ದೊಡ್ಡದಾಗಿ ನಡೆದದ್ದೂ 1987ರಲ್ಲಿಯೇ: ಆ ವರ್ಷದ ಮಂಡಲ ಪಂಚಾಯತಿ ಮತ್ತು ಜಿಲ್ಲಾ ಪರಿಷತ್ ಚುನಾವಣೆಗಳಲ್ಲಿ ಮಹಿಳೆಯರಿಗೆ ಶೇಕಡ 25ರಷ್ಟು ಸ್ಥಾನಗಳು ಮೀಸಲಾಗಿದ್ದವು. ಕುರ್ಚಿ ಸಿಕ್ಕಿತು. ಆದರೆ ಎಷ್ಟೋ ಕಡೆ ಸದಸ್ಯೆಯ ಹೆಸರಿನಲ್ಲಿ ಮಾತನಾಡಿದವರು ಅವರ ಯಜಮಾನರು. ಸಭೆಯಲ್ಲಿ ಬಾಯಿ ಬಿಡುವ ಅಭ್ಯಾಸವನ್ನು ಕುರ್ಚಿಯೇ ಕಲಿಸುವುದಿಲ್ಲವಷ್ಟೆ. 2000ದಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆಯ ಸಂಘಗಳಲ್ಲಿ ಹದಿನೈದಿಪ್ಪತ್ತು ಹೆಂಗಸರು ವಾರಕ್ಕೊಮ್ಮೆ ಕುಳಿತು, ಉಳಿತಾಯ ಸಾಲದ ಲೆಕ್ಕ ಮಾಡುತ್ತ, ಆ ಅಭ್ಯಾಸವನ್ನು ತಾವೇ ಮಾಡಿಕೊಂಡರು. ಹಳಿಯಾಳ, ಮುಂಡಗೋಡ, ಜೋಯಿಡಾದ ಹಳ್ಳಿಗಳಲ್ಲಿ ನಿಮ್ಮ ತಾಯಿಯೋ ಅತ್ತೆಯೋ ಅಂಥ ಸಂಘದಲ್ಲಿ ಇರಬಹುದು.

ಅವರನ್ನೇ ಒಂದು ಮಾತು ಕೇಳಿ ನೋಡಿ: ಸಂಘದ ಪುಸ್ತಕ ಬರೆಯುವವರು ಯಾರು? ಎಲ್ಲರಿಗಿಂತ ಮೊದಲು ಮಾತನಾಡುವವರು ಯಾರು? ಓದುಬರಹ ಬಲ್ಲವರು, ಊರಿನ ನಡುವಿನ ಮನೆಯವರು ಮುಂದೆ ಕೂರುವುದು, ಕಾಡಂಚಿನ ಹಾಡಿಯಿಂದ ಬಂದವರು ಹಿಂದೆ ಕೂರುವುದು ಹೆಂಗಸರ ಸಭೆಯಲ್ಲೂ ಉಂಟು. ಹೆಂಗಸರದೇ ಬಳಗ ಎಂದ ಮಾತ್ರಕ್ಕೆ ಎಲ್ಲ ಹೆಂಗಸರ ಬಳಗ ಆಗಿಬಿಡುವುದಿಲ್ಲ. ಬೋರ್ಗ್ ಅವರ ಟೀಕಾಕಾರರು ಈ ಮಾತನ್ನು ಎತ್ತಿ ಹಿಡಿದಿದ್ದರೆ ವಾದಕ್ಕೆ ಹೆಚ್ಚು ಬಲ ಬರುತ್ತಿತ್ತು ಎಂದು ನನ್ನ ಅನಿಸಿಕೆ.

ಇಂದು ಹಳಿಯಾಳದಲ್ಲಿಯೇ ಎಂಜಿನಿಯರಿಂಗ್ ಕಾಲೇಜಿದೆ. ನಮ್ಮ ದೇಶದ ಸಾಫ್ಟ್‌ವೇರ್ ಉದ್ಯಮದಲ್ಲಿ ಸುಮಾರು ಮೂರನೆಯ ಒಂದು ಭಾಗ ಮಹಿಳೆಯರಿದ್ದಾರೆ; ಮೇಲಿನ ಹುದ್ದೆಗಳಿಗೆ ಹೋದಂತೆ ಅವರ ಸಂಖ್ಯೆ ಕರಗುತ್ತದೆ. ನಿಮ್ಮ ತರಗತಿಯ ಹುಡುಗಿಯರು ತಮ್ಮದೇ ವಾಟ್ಸಾಪ್ ಬಳಗ ಕಟ್ಟಿಕೊಂಡಿದ್ದರೆ, ಹುಡುಗರೇ, ನಿಮ್ಮನ್ನು ಆಡಿಕೊಳ್ಳಲು ಎಂದು ತಿಳಿಯಬೇಡಿ. ಸಂಜೆ ಲ್ಯಾಬ್ ತಡವಾಗಿ ಬಿಟ್ಟರೆ ಊರಿಗೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ, ಬೆಂಗಳೂರಿನಲ್ಲಿ ಯಾವ ಬಡಾವಣೆಯ ಪಿ.ಜಿ. ಸುರಕ್ಷಿತ, ಸಂದರ್ಶನದಲ್ಲಿ ಮದುವೆ ಯಾವಾಗ ಎಂದು ಕೇಳಿದರೆ ಏನು ಹೇಳಬೇಕು: ಅಲ್ಲಿ ನಡೆಯುವುದು ಇಂಥ ಮಾತುಗಳೇ. ಮೊದಲಿನ ಎರಡಕ್ಕೆ ಬಳಗದಲ್ಲೇ ಉತ್ತರ ಸಿಗುತ್ತದೆ. ಮೂರನೆಯದನ್ನು ಹೇಗೆ ಕೇಳಬೇಕೆಂದು ಅಲ್ಲಿ ಕಲಿತು, ಕಾಲೇಜಿಗೆ ನೇಮಕಾತಿಗೆಂದು ಬರುವ ಕಂಪನಿಯವರ ಎದುರಿಗೆ, ಹುಡುಗರೂ ಕೂತಿರುವ ಸಭಾಂಗಣದಲ್ಲಿ, ಎದ್ದು ನಿಂತು ಕೇಳಬೇಕಾಗುತ್ತದೆ.