ಲಂಡನ್–ಮುಂಬಯಿ: ಆಕಾಶಮಾರ್ಗದ ದೂರ ಮತ್ತು ಕಾಲ

ಭೂಮಿ ದುಂಡಗಿರುವುದರಿಂದ ಅದರ ಮೇಲಿನ ಎರಡು ನಗರಗಳ ನಡುವಿನ ಅತಿ ಹತ್ತಿರದ ದಾರಿ ಭೂಪಟದ ಮೇಲೆ ಎಳೆದ ನೇರ ಗೆರೆಯಲ್ಲ. ಭೂಕೇಂದ್ರದ ಮೂಲಕ ಹಾಯುವ ಸಮತಲವೊಂದು ಭೂಮಿಯ ಮೇಲ್ಮೈಯನ್ನು ಕತ್ತರಿಸಿದಾಗ ಮೂಡುವ ಮಹಾವೃತ್ತದ ಒಂದು ತುಣುಕು. ಈ ಲೆಕ್ಕದಂತೆ ಲಂಡನ್ನಿನಿಂದ ಕರಾಚಿ ಸುಮಾರು 6,300 ಕಿಲೋಮೀಟರ್, ಮುಂಬಯಿ ಸುಮಾರು 7,200 ಕಿಲೋಮೀಟರ್ ದೂರದಲ್ಲಿವೆ. ಆದರೆ ಈ ಮಾರ್ಗದ ಚರಿತ್ರೆಯಲ್ಲಿ ಪ್ರಯಾಣದ ಅವಧಿಯನ್ನು ನಿರ್ಧರಿಸಿದ್ದು ದೂರವೂ ಅಲ್ಲ, ವೇಗವೊಂದೇ ಅಲ್ಲ. ದಾರಿಯ ತಂಗುದಾಣಗಳು ಮತ್ತು ಕೆಳಗಿನ ನೆಲವನ್ನು ಆಳುವವರ ಅನುಮತಿ.

1929ರ ಮಾರ್ಚ್ 30ರಂದು ಇಂಪೀರಿಯಲ್ ಏರ್‌ವೇಸ್ ಸಂಸ್ಥೆ ಲಂಡನ್–ಕರಾಚಿ ಸೇವೆಯನ್ನು ಆರಂಭಿಸಿದಾಗ ಪ್ರಯಾಣಕ್ಕೆ 7 ದಿನ ಹಿಡಿಯುತ್ತಿತ್ತು. ಗಂಟೆಗೆ ಸುಮಾರು 175 ಕಿಲೋಮೀಟರ್ ವೇಗದ ಅಂದಿನ ವಿಮಾನ ಮಹಾವೃತ್ತದ ದಾರಿಯನ್ನು ಎಡೆಬಿಡದೆ ಹಾರಿದ್ದರೆ 36 ಗಂಟೆ ಸಾಕಾಗುತ್ತಿತ್ತು ಎಂಬುದನ್ನು ಗಮನಿಸಿದರೆ, ಉಳಿದ ಕಾಲವೆಲ್ಲ ಸುತ್ತುದಾರಿಗೆ, ಇಂಧನ ತುಂಬುವುದಕ್ಕೆ, ರಾತ್ರಿಯ ತಂಗುವಿಕೆಗೆ ಮತ್ತು, ವಿಚಿತ್ರವೆನಿಸಿದರೂ, ರೈಲಿಗೆ ಸಂದಿತೆಂದು ತಿಳಿಯುತ್ತದೆ. ಫ್ರಾನ್ಸಿನ ಕಡೆಯಿಂದ ಬರುವ ಬ್ರಿಟಿಷ್ ವಿಮಾನಗಳಿಗೆ ಇಟಲಿ ತನ್ನ ಆಕಾಶವನ್ನು ತೆರೆಯದಿದ್ದುದರಿಂದ ಪ್ರಯಾಣಿಕರು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಇಳಿದು ರೈಲಿನಲ್ಲಿ ಜಿನೋವಾ ಸೇರಿ, ಅಲ್ಲಿಂದ ನೀರಿನ ಮೇಲೆಯೇ ಇಳಿದೇಳುವ ವಿಮಾನದಲ್ಲಿ ಈಜಿಪ್ಟಿಗೆ ಹೋಗಿ, ಮತ್ತೊಂದು ವಿಮಾನ ಹಿಡಿಯಬೇಕಾಗಿತ್ತು. ಮುಂದೆ ಪರ್ಷಿಯಾ ತನ್ನ ಕರಾವಳಿಯಗುಂಟ ಹಾರಲು ಕೊಟ್ಟ ಅನುಮತಿಯನ್ನು ಮುಂದುವರಿಸದ ಕಾರಣ 1932ರಲ್ಲಿ ಮಾರ್ಗವೇ ಪರ್ಷಿಯನ್ ಕೊಲ್ಲಿಯ ಅರಬ್ ದಂಡೆಗೆ ಸರಿಯಿತು. ಶಾರ್ಜಾದಲ್ಲಿ ರಾತ್ರಿ ತಂಗುವವರಿಗಾಗಿ ಕೋಟೆಯಂಥ ವಸತಿಗೃಹವೊಂದು ಎದ್ದಿತು.

ಕರಾಚಿಯಿಂದ ಮುಂದಿನ ಕೊಂಡಿಯನ್ನು ಬೆಸೆದದ್ದು ಟಾಟಾ ಸಂಸ್ಥೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಪುಸ್ ಮಾತ್ ಎಂಬ ಒಂದೇ ಎಂಜಿನ್ನಿನ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದಿನ ಮೂಲಕ ಮುಂಬಯಿಯ ಜುಹೂಗೆ ಟಪಾಲು ತಂದರು. ಅದನ್ನು ಅವರ ಜೊತೆಗಾರ ವಿಮಾನಚಾಲಕ ನೆವಿಲ್ ವಿಂಟ್ಸೆಂಟ್ ಬಳ್ಳಾರಿಯ ಮೂಲಕ ಮದ್ರಾಸಿಗೆ ಒಯ್ದರು. ಆಗ ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ಬಳ್ಳಾರಿ ಮುಂಬಯಿ–ಮದ್ರಾಸ್ ನೇರದಾರಿಗೆ ಸಮೀಪದಲ್ಲಿ, ಹೆಚ್ಚುಕಡಿಮೆ ನಡುಮಧ್ಯದಲ್ಲಿ ಇದೆ. ಮೈಸೂರು ಸಂಸ್ಥಾನದ ಬೆಂಗಳೂರಿಗೆ ಆ ಅನುಕೂಲವಿರಲಿಲ್ಲ.

1948ರ ಜೂನ್ 8ರಂದು ಏರ್ ಇಂಡಿಯಾ ಇಂಟರ್‌ನ್ಯಾಷನಲ್‌ನ ‘ಮಲಬಾರ್ ಪ್ರಿನ್ಸೆಸ್’ ಮುಂಬಯಿಯಿಂದ ಹೊರಟಾಗ ಲಂಡನ್ನಿಗೆ ಮೊದಲು ಉಳಿದ ತಂಗುದಾಣಗಳು ಎರಡೇ: ಕೈರೋ ಮತ್ತು ಜಿನೀವಾ. 1960ರಲ್ಲಿ ಬೋಯಿಂಗ್ 707 ಬಂದ ಮೇಲೆ ವೇಗವೂ ಹೆಚ್ಚಿತು. ಇಂದು ಎಲ್ಲಿಯೂ ಇಳಿಯದೆ ಹಾರುವ ವಿಮಾನಕ್ಕೆ ಒಂಬತ್ತು–ಹತ್ತು ಗಂಟೆ ಸಾಕು. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸದಿಂದ ಬೀಸುವ ಜೆಟ್ ಸ್ಟ್ರೀಮ್ ಎಂಬ ಗಾಳಿಯ ಪ್ರವಾಹಕ್ಕೆ ಎದುರಾಗಿ ಹೋಗಬೇಕಾದುದರಿಂದ ಲಂಡನ್ನಿಗೆ ಹೋಗುವ ಹೊತ್ತು ಸಾಮಾನ್ಯವಾಗಿ ಬರುವ ಹೊತ್ತಿಗಿಂತ ಹೆಚ್ಚು.

ಅನುಮತಿಯ ಪ್ರಶ್ನೆ ಮಾತ್ರ ಮುಗಿದಿಲ್ಲ. 2019ರ ಫೆಬ್ರವರಿಯಿಂದ ಜುಲೈವರೆಗೆ ಪಾಕಿಸ್ತಾನ ತನ್ನ ವಾಯುಪ್ರದೇಶದ ಬಹುಭಾಗವನ್ನು ಮುಚ್ಚಿದಾಗ ದೆಹಲಿಯಿಂದ ಯುರೋಪಿಗೆ ಹೊರಟ ವಿಮಾನಗಳು ದಕ್ಷಿಣಕ್ಕೆ ಇಳಿದು ಅರಬ್ಬೀ ಸಮುದ್ರದ ಮೇಲೆ ಹಾದು ಹೋಗತೊಡಗಿದವು. ದೆಹಲಿ–ಇಸ್ತಾಂಬುಲ್ ನಡುವೆ ಹಾರುತ್ತಿದ್ದ ಭಾರತೀಯ ಸೇವೆಯೊಂದು ಇಂಧನಕ್ಕಾಗಿ ದೋಹಾದಲ್ಲಿ ಇಳಿಯಬೇಕಾಯಿತು.