ಇಬ್ಬರು ಜಕಣರು, ಒಬ್ಬಳೇ ಮಂಜರಿ: ಬೇಲೂರು ಸೀಮೆಯಿಂದ ಕಂಡ ಬಿ. ಸರೋಜಾದೇವಿ

ಅರೇಹಳ್ಳಿ ಬೇಲೂರು ತಾಲ್ಲೂಕಿನ ಮಲೆನಾಡ ಸೆರಗಿನಲ್ಲಿರುವ ಹೋಬಳಿ ಊರು. ಇಲ್ಲಿಂದ ಬೇಲೂರಿನ ಬಸ್ಸು ಹತ್ತಿದರೆ ಕಾಫಿ ತೋಟಗಳೂ ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರಗಳೂ ಬಹಳ ದೂರ ಜೊತೆಗೆ ಬರುತ್ತವೆ. ಬೇಲೂರು ದಾಟಿ ಹಳೇಬೀಡಿನ ಮೇಲೆ ಅರಸೀಕೆರೆ ದಿಕ್ಕಿಗೆ ಹೊರಳಿದರೆ ಹೊಲ, ತೆಂಗು, ಬಯಲು. ಈ ಇಡೀ ಸೀಮೆಯಲ್ಲಿ ಜಕಣಾಚಾರಿಯ ಕಥೆ ಕೇಳದೆ ಬೆಳೆದ ಮಗು ಸಿಗುವುದು ಕಷ್ಟ. ಕಲ್ಲಿನ ಹೊಟ್ಟೆಯೊಳಗಿನ ಕಪ್ಪೆ, ತಪ್ಪು ತೋರಿಸಿದ ಹುಡುಗ, ಮಾತಿಗೆ ತಪ್ಪದೆ ಕೈ ಕಡಿದುಕೊಂಡ ಶಿಲ್ಪಿ. ನಮ್ಮಜ್ಜಿ ಈ ಕಥೆ ಹೇಳುವಾಗ ಜಕಣನ ಹೆಂಡತಿಯ ಸರದಿ ಬಂದರೆ ದನಿ ತಗ್ಗಿಸಿ, 'ಸರೋಜಾದೇವಿ ಅತ್ತಳಲ್ಲ ಪಿಚ್ಚರಿನಲ್ಲಿ, ಹಂಗೆ ಅತ್ತಳು' ಎನ್ನುತ್ತಿದ್ದರು. ಐತಿಹ್ಯದ ಹೆಣ್ಣಿಗೆ ಮುಖವೇ ಇರಲಿಲ್ಲ. ಮುಖ ಕೊಟ್ಟವರು ಒಬ್ಬ ನಟಿ.

ಆ 'ಪಿಚ್ಚರ್' 1964ರ 'ಅಮರಶಿಲ್ಪಿ ಜಕಣಾಚಾರಿ'. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ ಎಂದು ಚಲನಚಿತ್ರ ಚರಿತ್ರೆಯ ಪುಸ್ತಕಗಳು ಇದನ್ನು ಒಂದು ವಾಕ್ಯದಲ್ಲಿ ದಾಖಲಿಸುತ್ತವೆ. ನಿರ್ಮಾಪಕ, ನಿರ್ದೇಶಕ ಬಿ.ಎಸ್. ರಂಗಾ ಅವರ ಸಾಹಸ ಆ ವಾಕ್ಯದಲ್ಲಿ ಬರುತ್ತದೆ, ನಾಯಕ ಕಲ್ಯಾಣ್ ಕುಮಾರ್ ಬರುತ್ತಾರೆ, ಸರೋಜಾದೇವಿ 'ಮುಂತಾದವರ' ಸಾಲಿಗೆ ಸೇರುತ್ತಾರೆ. ಈ ಕ್ರಮ ತಲೆಕೆಳಗಾಗಿದೆ ಎಂಬುದು ನನ್ನ ವಾದ. ಈ ಚಿತ್ರಕ್ಕೂ ಆ ಕಾಲದ ದಕ್ಷಿಣ ಭಾರತದ ಚಿತ್ರೋದ್ಯಮಕ್ಕೂ ಆಕೆ ಆಧಾರಗಂಬವಾಗಿದ್ದರು. ಅದನ್ನು ತೋರಿಸಲು ಹತ್ತು ವರ್ಷ ಹಿಂದಕ್ಕೆ ಹೋಗಬೇಕು.

ಸರೋಜಾದೇವಿ ಹುಟ್ಟಿದ್ದು 1938ರ ಜನವರಿ 7ರಂದು, ಬೆಂಗಳೂರಿನಲ್ಲಿ. ತಂದೆ ಭೈರಪ್ಪ ಪೊಲೀಸ್ ಇಲಾಖೆಯಲ್ಲಿದ್ದರು, ತಾಯಿ ರುದ್ರಮ್ಮ. ಕುಟುಂಬದ ಬೇರು ಚನ್ನಪಟ್ಟಣ ತಾಲ್ಲೂಕಿನ ದಶವಾರದಲ್ಲಿ. ಮಗಳು ನೃತ್ಯ ಕಲಿಯಲಿ ಎಂಬ ಆಸೆ ತಂದೆಯದು. ಆಕೆಯ ಮೊದಲ ಚಿತ್ರ, ಹೊನ್ನಪ್ಪ ಭಾಗವತರ್ ನಿರ್ಮಿಸಿ ನಟಿಸಿದ 'ಮಹಾಕವಿ ಕಾಳಿದಾಸ', 1955ರಲ್ಲಿ ತೆರೆಕಂಡಾಗ ಆಕೆಗೆ ಹದಿನೇಳು. ಸಾಮಾನ್ಯ ಗೃಹಸ್ಥರ ಮನೆಯ ಹೆಣ್ಣುಮಗಳು ಸಿನಿಮಾಕ್ಕೆ ಹೋಗುತ್ತಾಳೆ ಎಂದರೆ ಬಂಧುಬಳಗ ಮುಖ ತಿರುಗಿಸುತ್ತಿದ್ದ ದಿನಗಳು ಅವು. ಉಡುಪಿನ ವಿಷಯದಲ್ಲಿ ತಾಯಿ ಗೆರೆ ಎಳೆದರು: ತೋಳಿಲ್ಲದ ರವಿಕೆ ಇಲ್ಲ, ಈಜುಡುಗೆ ಇಲ್ಲ. ಹಿಂದಿಯಲ್ಲಿ ನಟಿಸುವ ಕಾಲದಲ್ಲೂ ಮಗಳು ಆ ಗೆರೆ ದಾಟಲಿಲ್ಲ. ಇದನ್ನು ಕೇವಲ ಸಂಪ್ರದಾಯ ಎಂದು ನೋಡುವವರಿದ್ದಾರೆ. ನನಗೆ ಇದರಲ್ಲಿ ಒಂದು ಒಪ್ಪಂದ ಕಾಣುತ್ತದೆ. ತಾಯಿ ಮಗಳು ಕೂಡಿ ತಮ್ಮ ಷರತ್ತಿನ ಮೇಲೆ ಉದ್ಯಮದೊಳಕ್ಕೆ ಹೋದರು, ಉದ್ಯಮ ಆ ಷರತ್ತಿಗೆ ಒಗ್ಗಿಕೊಂಡಿತು.

1957ರಲ್ಲಿ ಎನ್.ಟಿ. ರಾಮರಾವ್ ಅವರೊಂದಿಗೆ ತೆಲುಗಿನ 'ಪಾಂಡುರಂಗ ಮಹಾತ್ಮ್ಯಂ'. 1958ರಲ್ಲಿ ಎಂ.ಜಿ. ರಾಮಚಂದ್ರನ್ ತಾವೇ ನಿರ್ದೇಶಿಸಿದ ತಮಿಳಿನ 'ನಾಡೋಡಿ ಮನ್ನನ್'. ಈ ಎರಡನೆಯ ಚಿತ್ರದ ಬಗ್ಗೆ ತುಸು ನಿಲ್ಲಬೇಕು. ಚಿತ್ರದ ಮೊದಲ ಭಾಗ ಕಪ್ಪು ಬಿಳುಪು, ಆಮೇಲಿನದು ಗೇವಾಕಲರ್. ರಾಜಕುಮಾರಿಯ ಪಾತ್ರದಲ್ಲಿ ಸರೋಜಾದೇವಿ ಕಾಣಿಸಿಕೊಳ್ಳುವುದು ಉತ್ತರಾರ್ಧದಲ್ಲಿ. ಬಣ್ಣ ಇನ್ನೂ ದುಬಾರಿಯಾಗಿದ್ದ ದಿನಗಳಲ್ಲೇ ಬಣ್ಣದ ಕ್ಯಾಮೆರಾದ ಮುಂದೆ ನಿಂತ ಅನುಭವ ಆಕೆಗೆ ಸಿಕ್ಕಿತ್ತು. ಕನ್ನಡ ಚಿತ್ರ ಬಣ್ಣಕ್ಕೆ ಕೈಹಾಕಿದ್ದು ಆರು ವರ್ಷಗಳ ನಂತರ.

ಮುಂದಿನ ಓಟವನ್ನು ಹೆಸರುಗಳೇ ಹೇಳುತ್ತವೆ. 1959ರಲ್ಲಿ ಶ್ರೀಧರ್ ಅವರ 'ಕಲ್ಯಾಣ ಪರಿಸು', ಅದೇ ವರ್ಷ ದಿಲೀಪ್ ಕುಮಾರ್ ಜೊತೆ ಹಿಂದಿಯ 'ಪೈಗಾಮ್'. 1961ರಲ್ಲಿ ಶಿವಾಜಿ ಗಣೇಶನ್ ಜೊತೆ 'ಪಾಲುಂ ಪಳಮುಂ', ರಾಜೇಂದ್ರ ಕುಮಾರ್ ಜೊತೆ 'ಸಸುರಾಲ್', ಇತ್ತ ಕನ್ನಡದಲ್ಲಿ ಬಿ.ಆರ್. ಪಂತುಲು ಅವರ 'ಕಿತ್ತೂರು ಚೆನ್ನಮ್ಮ'. ಒಂದೇ ವರ್ಷದಲ್ಲಿ ಮೂರು ಭಾಷೆ, ಮೂರು ಬಗೆಯ ಹೆಣ್ಣು. ಎಂ.ಜಿ.ಆರ್. ಜೊತೆಗೇ 26 ಚಿತ್ರಗಳು. ತಮಿಳರು ಆಕೆಯನ್ನು 'ಕನ್ನಡತ್ತು ಪೈಂಗಿಳಿ' ಎಂದರು, ಕನ್ನಡದ ಗಿಣಿ ಎಂದು. 'ಪುದಿಯ ಪರವೈ' ಚಿತ್ರದಲ್ಲಿ ಆಕೆ 'ಗೋಪಾಲ್' ಎಂದು ಎಳೆದು ಕರೆಯುವ ಪರಿಯನ್ನು ತಮಿಳುನಾಡಿನ ಮಿಮಿಕ್ರಿ ಕಲಾವಿದರು ಇಂದಿಗೂ ಅನುಕರಿಸುತ್ತಾರೆ. ಆ ಉಚ್ಚಾರಣೆಯಲ್ಲಿ ಕನ್ನಡದ ನಾಲಗೆ ಇದೆ. ಅದನ್ನು ತಿದ್ದಿ ಅಳಿಸುವ ಬದಲು ಪ್ರೇಕ್ಷಕರು ಅದಕ್ಕೇ ಮರುಳಾದರು.

ಇಷ್ಟು ಹೊತ್ತಿಗೆ ರಂಗಾ ಅವರ ಯೋಜನೆ ಸಿದ್ಧವಾಗಿತ್ತು. ಛಾಯಾಗ್ರಾಹಕರಾಗಿ ಪಳಗಿ, ಮದ್ರಾಸಿನಲ್ಲಿ ವಿಕ್ರಂ ಸ್ಟುಡಿಯೋ ಕಟ್ಟಿದ ಕನ್ನಡಿಗ ಅವರು. ಈಸ್ಟ್‌ಮನ್‌ಕಲರ್ ಫಿಲಂ ದುಬಾರಿ, ಕನ್ನಡದ ಮಾರುಕಟ್ಟೆ ಚಿಕ್ಕದು. ಕಥೆಯನ್ನು ಎರಡು ಭಾಷೆಗಳಲ್ಲಿ ಒಟ್ಟಿಗೆ ಚಿತ್ರಿಸಿದರೆ ಸೆಟ್ಟು, ಉಡುಪು, ದೀಪ, ನೃತ್ಯ ಸಂಯೋಜನೆಯ ಖರ್ಚು ಎರಡಕ್ಕೂ ಹಂಚಿಹೋಗುತ್ತದೆ. ಹೀಗೆ ಹುಟ್ಟಿದ್ದು ಅವಳಿ ಚಿತ್ರಗಳು: ಕನ್ನಡದಲ್ಲಿ 'ಅಮರಶಿಲ್ಪಿ ಜಕಣಾಚಾರಿ', ತೆಲುಗಿನಲ್ಲಿ 'ಅಮರಶಿಲ್ಪಿ ಜಕ್ಕನ'. ಕನ್ನಡದ ಜಕಣ ಕಲ್ಯಾಣ್ ಕುಮಾರ್, ತೆಲುಗಿನ ಜಕ್ಕನ ಅಕ್ಕಿನೇನಿ ನಾಗೇಶ್ವರರಾವ್. ಜಕಣನ ಹೆಂಡತಿ ಮಂಜರಿ ಮಾತ್ರ ಎರಡರಲ್ಲೂ ಸರೋಜಾದೇವಿಯೇ.

ನನ್ನ ವಾದದ ತಿರುಳು ಇಲ್ಲಿದೆ. ನಾಯಕನನ್ನು ಭಾಷೆಗೊಬ್ಬನಂತೆ ಬದಲಾಯಿಸಿದರು, ನಾಯಕಿಯನ್ನು ಬದಲಾಯಿಸಲಿಲ್ಲ. ಪ್ರೇಕ್ಷಕ ನಾಯಕನಲ್ಲಿ ತನ್ನ ಭಾಷೆಯವನನ್ನು ಹುಡುಕುತ್ತಾನೆ ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ನಾಯಕಿ ಎರಡೂ ಕಡೆ ಸಲ್ಲಬೇಕು, ಎರಡೂ ನಾಲಗೆಯಲ್ಲಿ ಅಳಬೇಕು, ನಗಬೇಕು. ಆ ಕಾಲದ ಮದ್ರಾಸಿನ ದ್ವಿಭಾಷಾ ಚಿತ್ರಗಳಲ್ಲಿ ಒಂದು ದೃಶ್ಯವನ್ನು ಒಂದು ಭಾಷೆಯಲ್ಲಿ ಮುಗಿಸಿ, ದೀಪ ಸರಿಸದೆ ಇನ್ನೊಂದು ಭಾಷೆಯಲ್ಲಿ ತೆಗೆಯುವ ರೂಢಿಯಿತ್ತು. ಈ ರೂಢಿಯಲ್ಲಿ ನಟಿಯ ಪಾಡು ಹೇಗಿರುತ್ತಿತ್ತು ನೋಡಿ. ಅದೇ ಸೀರೆ, ಅದೇ ಜಡೆಬಿಲ್ಲೆ, ಅದೇ ಗುರುತಿನ ಮೇಲೆ ಪಾದ. ಕನ್ನಡದ ಗಂಡನ ಎದುರು ಕಣ್ಣೀರು ತುಂಬಿಕೊಂಡು ಮಾತು ಮುಗಿಸಬೇಕು. ಕಣ್ಣೊರೆಸಿ, ಬಣ್ಣ ತಿದ್ದಿಸಿಕೊಂಡು, ಬೇರೆ ಎತ್ತರದ, ಬೇರೆ ಲಯದ ಇನ್ನೊಬ್ಬ ಗಂಡನ ಎದುರು ತೆಲುಗಿನಲ್ಲಿ ಮತ್ತೆ ಅದೇ ಕಣ್ಣೀರು. ವರ್ಣಚಿತ್ರಕ್ಕೆ ಆಗ ಹೆಚ್ಚಿನ ಬೆಳಕು ಬೇಕಿತ್ತು, ಬೆಳಕಿನೊಂದಿಗೆ ಸೆಕೆ. ಆಕೆಯ ದುಡಿಮೆ ಹೆಚ್ಚುಕಡಿಮೆ ಎರಡು ಚಿತ್ರಗಳ ದುಡಿಮೆ. ಕನ್ನಡ ಪ್ರತಿಯನ್ನೂ ತೆಲುಗು ಪ್ರತಿಯನ್ನೂ ಪಕ್ಕಪಕ್ಕದಲ್ಲಿಟ್ಟು, ಎದುರಿನ ನಟ ಬದಲಾದಾಗ ಮಂಜರಿಯ ನೋಟ, ನಿಲುವು, ಮಾತಿನ ವೇಗ ಎಲ್ಲಿ ಬದಲಾಗುತ್ತದೆ ಎಂದು ದೃಶ್ಯ ದೃಶ್ಯವಾಗಿ ಗುರುತು ಹಾಕಬೇಕು. ನಮ್ಮ ವಿಶ್ವವಿದ್ಯಾಲಯಗಳ ಚಲನಚಿತ್ರ ಅಧ್ಯಯನಕ್ಕೆ ಇದಕ್ಕಿಂತ ಒಳ್ಳೆಯ ವಿಷಯ ನನಗೆ ತೋಚುವುದಿಲ್ಲ.

ಸಿನಿಮಾಕ್ಕೆ ಬಣ್ಣ ಬಂದ ಕಡೆಯಲ್ಲೆಲ್ಲ ಅದರ ಪರೀಕ್ಷೆ ನಡೆದದ್ದು ನಟಿಯ ಮುಖದ ಮೇಲೆ. ಅಮೆರಿಕದಲ್ಲಿ ಮೂರು ಪಟ್ಟಿಯ ಟೆಕ್ನಿಕಲರ್‌ನಲ್ಲಿ ಪೂರ್ತಿಯಾಗಿ ತೆಗೆದ ಮೊದಲ ಕಥಾಚಿತ್ರ 1935ರ 'ಬೆಕಿ ಶಾರ್ಪ್'. ಮಿರಿಯಂ ಹಾಪ್ಕಿನ್ಸ್ ಅದರ ನಾಯಕಿ. ಆ ಪಾತ್ರಕ್ಕೆ ಆಕೆ ಆಸ್ಕರ್‌ನ ಅತ್ಯುತ್ತಮ ನಟಿ ವಿಭಾಗಕ್ಕೆ ನಾಮನಿರ್ದೇಶನಗೊಂಡರು. ಇಂದು ಆ ಚಿತ್ರದ ಮಾತು ಬಂದರೆ ಎಲ್ಲರೂ ಹೇಳುವುದು ಬಣ್ಣದ ತಂತ್ರದ ಬಗ್ಗೆ, ಹಾಪ್ಕಿನ್ಸ್ ಅಭಿನಯದ ಬಗ್ಗೆ ಅಲ್ಲ. ನಮ್ಮಲ್ಲಿ 1937ರ ವರ್ಣಚಿತ್ರ 'ಕಿಸಾನ್ ಕನ್ಯಾ'ದ ನಾಯಕಿ ಪದ್ಮಾದೇವಿಯವರ ಕಥೆಯೂ ಅದೇ. ಮಂಜರಿಗೂ ಅದೇ ಆಗುತ್ತಿದೆ ಎಂಬ ಕಳವಳದಿಂದಲೇ ಈ ಲೇಖನ ಬರೆಯುತ್ತಿದ್ದೇನೆ. ಇನ್ನೊಂದು ಸಂಗತಿಯೂ ಇದೆ. ಟೆಕ್ನಿಕಲರ್ ಕ್ಯಾಮೆರಾದಲ್ಲಿ ಮೂರು ನೆಗೆಟಿವ್ ಒಟ್ಟಿಗೆ ಓಡುತ್ತಿದ್ದವು. ಈಸ್ಟ್‌ಮನ್‌ಕಲರ್ ಒಂದೇ ಪಟ್ಟಿ, ಆದ್ದರಿಂದ ಅಗ್ಗ, ಆದ್ದರಿಂದಲೇ ರಂಗಾ ಅಂಥವರ ಕೈಗೆಟುಕಿತು. ಆದರೆ ಆ ಕಾಲದ ಈಸ್ಟ್‌ಮನ್‌ಕಲರ್ ಪ್ರತಿಗಳಲ್ಲಿ ನೀಲಿ ಛಾಯೆ ಬೇಗ ಸೋರಿಹೋಗಿ ಇಡೀ ಚಿತ್ರ ಕೆಂಪಡರುತ್ತದೆ. ಕಾಪಾಡದಿದ್ದರೆ ಮುಖವೇ ಉಳಿಯುವುದಿಲ್ಲ.

ಬೇಲೂರಿನ ಮುಖಗಳು ಉಳಿದಿವೆ. 1117ರಲ್ಲಿ ಹೊಯ್ಸಳ ದೊರೆ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯ ಸೂರಿನಡಿ ಮದನಿಕೆಯರು ಓರೆಯಾಗಿ ನಿಂತಿದ್ದಾರೆ. ಗಣಿಯಿಂದ ತೆಗೆದಾಗ ಉಗುರಿಗೂ ಮಣಿಯುವಷ್ಟು ಮೆತ್ತಗಿದ್ದು, ಗಾಳಿಗೆ ಬಂದ ಮೇಲೆ ಗಟ್ಟಿಯಾಗುವ ಬಳಪದ ಕಲ್ಲು ಅದು. ದರ್ಪಣ ಸುಂದರಿಯನ್ನು ಕೆಳಗಿನಿಂದ ಕತ್ತು ಎತ್ತಿ ನೋಡಿ. ತಲೆಯ ಮೇಲೆ ಬಳ್ಳಿಯ ಚಪ್ಪರ, ಕೈಯಲ್ಲಿ ಕನ್ನಡಿ, ಸೊಂಟದ ಬಳಿ ಮೈ ಮುರಿದ ತಿರುವು, ಕಾಲ ಬಳಿ ಪುಟ್ಟ ಸೇವಕಿಯರು. ಕೆಲವು ಮದನಿಕೆಯರ ಪೀಠದಲ್ಲಿ ಹಳಗನ್ನಡದ ಅಕ್ಷರಗಳಿವೆ. ಅವು ಕೆತ್ತಿದವರ ಹೆಸರು: ಬಳ್ಳಿಗಾವೆಯ ದಾಸೋಜ, ಆತನ ಮಗ ಚಾವಣ. ಜಕಣಾಚಾರಿಯ ಹೆಸರು ಬೇಲೂರಿನ ಯಾವ ಶಾಸನದಲ್ಲೂ ಇಲ್ಲ. ವಿದ್ವಾಂಸರು ಇದನ್ನು ಬಹಳ ಹಿಂದೆಯೇ ಗುರುತಿಸಿದ್ದಾರೆ. ಹೊಯ್ಸಳ ಶಿಲ್ಪಿಗಳಲ್ಲಿ ದೀರ್ಘ ವೃತ್ತಿಜೀವನ ದಾಖಲಾಗಿರುವುದು ಮಲ್ಲಿತಮ್ಮನದು. 1196ರ ಅಮೃತಾಪುರದಿಂದ 1268ರ ಸೋಮನಾಥಪುರದವರೆಗೆ ಆತನ ಸಹಿ ಸಿಗುತ್ತದೆ, ನಡುವೆ ಅರಸೀಕೆರೆ ತಾಲ್ಲೂಕಿನ ಹಾರನಹಳ್ಳಿಯೂ ಇದೆ.

ಕೈದಾಳ ಎಂಬ ಊರಿನ ಕೇಶವನ ಎದುರು ಕಡಿದ ಕೈ ಮರಳಿ ಪಡೆದ ಜಕಣ ಹೀಗೆ ಐತಿಹ್ಯದವನಾದರೆ, ಅದೇ ಕಾಲದ ಒಬ್ಬ ನರ್ತಕಿ ಮಾತ್ರ ಶಾಸನದಲ್ಲಿ ಗಟ್ಟಿಯಾಗಿ ನಿಂತಿದ್ದಾಳೆ. ಆಕೆ ವಿಷ್ಣುವರ್ಧನನ ರಾಣಿ ಶಾಂತಲಾದೇವಿ. ಗೀತ, ವಾದ್ಯ, ನೃತ್ಯಗಳಲ್ಲಿ ಆಕೆಯ ಪರಿಣತಿಯನ್ನು ಶಾಸನಗಳು ಹೊಗಳುತ್ತವೆ. ಬೇಲೂರಿನ ಕಪ್ಪೆ ಚೆನ್ನಿಗರಾಯನ ಗುಡಿ ಆಕೆಯದು, ಶ್ರವಣಬೆಳಗೊಳದ ಸವತಿಗಂಧವಾರಣ ಬಸದಿ ಆಕೆಯದು. 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡದ್ದೂ ದಾಖಲಾಗಿದೆ. ಹೆಸರಿರುವ ಹೆಣ್ಣು ಅರಮನೆಯವಳು, ನಿಜ. ಗುಡಿಯ ನವರಂಗದ ನಡುವಿನ ದುಂಡು ಹಾಸುಗಲ್ಲಿನ ಮೇಲೆ ಕುಣಿದ ಉಳಿದವರ ಹೆಸರು ಯಾರೂ ಬರೆದಿಡಲಿಲ್ಲ. ಮಂಜರಿ ಆ ಹೆಸರಿಲ್ಲದವರ ಸಾಲಿನವಳು: ನರ್ತಕಿ, ಗಂಡನ ಅನುಮಾನಕ್ಕೆ ಬಲಿಯಾದವಳು, ಮುಂದೆ ತಂದೆಯ ತಪ್ಪು ತೋರಿಸುವ ಮಗ ಡಂಕಣನನ್ನು ಒಂಟಿಯಾಗಿ ಸಾಕಿ ಬೆಳೆಸಿದವಳು. ಐತಿಹ್ಯ ಕೈಯ ಕಥೆಯನ್ನು ಮೆರೆಸುತ್ತದೆ. ಸರೋಜಾದೇವಿಯವರ ಅಭಿನಯ ಅದನ್ನು ತಾಯಿಯ ಕಥೆಯ ಕಡೆಗೆ ಎಳೆಯಿತು. ನಮ್ಮಜ್ಜಿಗೆ ನೆನಪುಳಿದದ್ದು ಅದೇ.

1967ರಲ್ಲಿ ಎಂಜಿನಿಯರ್ ಶ್ರೀಹರ್ಷ ಅವರೊಂದಿಗೆ ಮದುವೆಯಾಯಿತು. ಮದುವೆಯಾದ ನಾಯಕಿಗೆ ಬಾಗಿಲು ಮುಚ್ಚುತ್ತಿದ್ದ ಉದ್ಯಮ ಆಕೆಗೆ ಮುಚ್ಚಲಿಲ್ಲ. 1969ರಲ್ಲಿ ಪದ್ಮಶ್ರೀ, ಅದೇ ವರ್ಷ ರಾಜ್‌ಕುಮಾರ್ ಎದುರು ಪುಟ್ಟಣ್ಣ ಕಣಗಾಲರ 'ಮಲ್ಲಮ್ಮನ ಪವಾಡ'. 1976ರಲ್ಲಿ ಪುಟ್ಟಣ್ಣನವರೇ 'ಕಥಾಸಂಗಮ'ದ 'ಅತಿಥಿ' ಭಾಗದಲ್ಲಿ ನಡುವಯಸ್ಸಿನ ಒಂಟಿ ಹೆಣ್ಣಿನ ಪಾತ್ರ ಕೊಟ್ಟರು. ಗೆಜ್ಜೆಯಿಲ್ಲ, ಒಡವೆಯಿಲ್ಲ. ಆಕೆಯ ಕಲಾಜೀವನದಲ್ಲಿ ಇದಕ್ಕೆ ಸಿಗಬೇಕಾದ ಜಾಗ ಇನ್ನೂ ಸಿಕ್ಕಿಲ್ಲ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. 1977ರ 'ಬಭ್ರುವಾಹನ', 'ಭಾಗ್ಯವಂತರು' ಜನರ ಮನೆಮಾತಾದವು. 1986ರಲ್ಲಿ ಪತಿ ತೀರಿಕೊಂಡರು. 1992ರಲ್ಲಿ ಪದ್ಮಭೂಷಣ ಬಂತು. 45ನೇ ಮತ್ತು 53ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳ ತೀರ್ಪುಗಾರರ ಮಂಡಳಿಗೆ ಅಧ್ಯಕ್ಷೆಯಾದರು. ಪುನೀತ್ ರಾಜ್‌ಕುಮಾರ್ ಅವರ 'ನಟಸಾರ್ವಭೌಮ'ದಲ್ಲಿ 2019ರಲ್ಲಿ ಮತ್ತೆ ಕಾಣಿಸಿಕೊಂಡಾಗ 'ಮಹಾಕವಿ ಕಾಳಿದಾಸ' ಬಂದು 64 ವರ್ಷ ಕಳೆದಿತ್ತು. ಇಷ್ಟು ಉದ್ದದ ಕೈಕೆಲಸಕ್ಕೆ ನಮ್ಮ ಸೀಮೆಯಲ್ಲಿ ಹೋಲಿಕೆ ಹುಡುಕಿದರೆ ಮಲ್ಲಿತಮ್ಮನೇ ನೆನಪಾಗುತ್ತಾನೆ.

2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ಗುಡಿಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಕಲ್ಲಿನ ಮುಖಗಳಿಗೆ ಹೀಗೆ ಮನ್ನಣೆ ಸಿಕ್ಕಿದ ಎರಡು ವರ್ಷದೊಳಗೆ, 2025ರ ಜುಲೈ 14ರಂದು ಬೆಂಗಳೂರಿನ ಮಲ್ಲೇಶ್ವರದ ಮನೆಯಲ್ಲಿ ಸರೋಜಾದೇವಿ ಕೊನೆಯುಸಿರೆಳೆದರು. ಎಂಬತ್ತೇಳು ವರ್ಷ. ಕಣ್ಣುಗಳನ್ನು ದಾನ ಮಾಡಲಾಯಿತು. ಮರುದಿನ ದಶವಾರದಲ್ಲಿ, ತಾಯಿ ರುದ್ರಮ್ಮನವರ ಸಮಾಧಿಯ ಪಕ್ಕದಲ್ಲಿ ಮಣ್ಣು ಮಾಡಿದರು.